ಕ್ಲಾಸಿನವರು ಕೊಟ್ಟ ಅಜ್ಜನನ್ನು ವಾಪಸು ಮಾಡುವ ಕುರಿತು

ಇಂದ:
ಶಿವಕಾಂತಾ ಲಾಲಪ್ಪ,
ಸ್ಟಾಫ್ ನರ್ಸ್, ಧನಕವಡಿ, ಪುಣೆ.

ಗೆ:
ಮಾನ್ಯ ಕಠಿಣ ಪದಗಳ ಮುಖ್ಯಾಧಿಕಾರಿಗಳು,
ಇಂಗ್ಲಿಷ್ ಸಾಮರ್ಥ್ಯ ಪರೀಕ್ಷಾ ಕಚೇರಿ.
(ಇಂಥ ಹುದ್ದೆ ಇಲ್ಲದಿದ್ದಲ್ಲಿ, ಇದಕ್ಕೆಲ್ಲ ಹೊಣೆಗಾರರಾದ ಯಾರಾದರೂ ಸರಿ.)

ವಿಷಯ: ಮಾತಿನ ಪರೀಕ್ಷೆಯಲ್ಲಿ ಅರ್ಧ ಅಂಕ ಕಡಿಮೆ ಬಿದ್ದ ಬಗ್ಗೆ, ಹಾಗೂ ಅದಕ್ಕೆ ಕಾರಣನಾದ ಅಜ್ಜನನ್ನು ಹಿಂದಿರುಗಿಸಲು ಅನುಮತಿ ಕೋರಿ.

ಉಲ್ಲೇಖ: 1) ತಮ್ಮ ಫಲಿತಾಂಶ ಪತ್ರ: ಬೇಕಾದದ್ದು ಏಳು, ಬಂದದ್ದು ಆರೂವರೆ.
2) ತಾಯಿ ಶರಣಮ್ಮನವರು ರೊಟ್ಟಿ ಬಡಿಯುತ್ತ ಮೌಖಿಕವಾಗಿ ಸಲ್ಲಿಸಿದ ತಕರಾರು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯವಾಗಿ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಅರ್ಜಿದಾರಳ ತಂದೆತಾಯಿ ಯಾದಗಿರಿ ಕಡೆಯಿಂದ ಬಂದು ಪುಣೆ ಬಳಿಯ ನಿಗಡಿಯಲ್ಲಿ ಕಟ್ಟಡದ ಕೆಲಸ ಮಾಡಿದವರು. ಅರ್ಜಿದಾರಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಡಾಕ್ಟರರ ಮುಂದೆ ಹಿಂದಿ ಮಾತಾಡಿ ಬೆಳೆದು, ಈಗ ಒಂದು ಆಸ್ಪತ್ರೆಯ ಹೊರದೇಶದ ರೋಗಿಗಳ ವಾರ್ಡಿನಲ್ಲಿ ಹನ್ನೊಂದು ತಿಂಗಳಿಂದ ಹಂಗಾಮಿ ಇನ್‌ಚಾರ್ಜ್ ಸಿಸ್ಟರ್ ಆಗಿರುತ್ತಾಳೆ. ಅಲ್ಲಿಗೆ ಬರುವವರು ಹೆಚ್ಚಾಗಿ ಯೆಮೆನ್, ಸುಡಾನ್ ಕಡೆಯವರು. ಅವರ ಇಂಗ್ಲಿಷ್ ಅರ್ಜಿದಾರಳ ಇಂಗ್ಲಿಷಿಗಿಂತ ಸಣ್ಣದು. ‘ಪೇನ್ ಹಿಯರ್? ಲಿಟಲ್? ಬಿಗ್?’ ಎಂದರೆ ಅವರಿಗೆ ತಿಳಿಯುತ್ತದೆ; ಅವರು ಬೆರಳು ತೋರಿಸಿದರೆ ಇವಳಿಗೆ ತಿಳಿಯುತ್ತದೆ. ತನ್ನ ನೋವು ‘ಯುಬಿಕ್ವಿಟಸ್’ (ಅಂದರೆ ಸರ್ವವ್ಯಾಪಿ) ಆಗಿದೆಯೆಂದು ಈವರೆಗೆ ಒಬ್ಬ ರೋಗಿಯೂ ದೂರಿರುವುದಿಲ್ಲ.

2. ಆದಾಗ್ಯೂ ಸದರಿ ಹುದ್ದೆ ಕಾಯಂ ಆಗಬೇಕಾದರೆ ದೀಪಾವಳಿಯೊಳಗೆ ತಮ್ಮ ಪರೀಕ್ಷೆಯಲ್ಲಿ ಏಳು ತರತಕ್ಕದ್ದೆಂದು ಆಡಳಿತ ಮಂಡಳಿಯ ಠರಾವು. ತಪ್ಪಿದಲ್ಲಿ ಕುರ್ಚಿ ಬೇರೆಯವರಿಗೆ, ಅರ್ಜಿದಾರಳು ಮೊದಲಿನ ಜಾಗಕ್ಕೆ. ಹನ್ನೊಂದು ತಿಂಗಳು ಆ ವಾರ್ಡನ್ನು ತಲೆ ಮೇಲೆ ಹೊತ್ತವಳಿಗೆ ಇದು ಭಾಳ ಕೆಟ್ಟನಿಸಿದೆ.

3. ಕಾರಣ, ಅರ್ಜಿದಾರಳು ಮನೋಹರ ಸರ್ ಅವರ ಕೋಚಿಂಗ್ ಕ್ಲಾಸು ಸೇರಿದಳು. ಸಾದಾ ಮಾತಿಗೆ ಸಾದಾ ಅಂಕ ಎಂಬುದು ಸರ್ ಅವರ ಸಿದ್ಧಾಂತ. ಆದ್ದರಿಂದ ‘ಮುನ್ನೂರು ವಜನದಾರ ಪದಗಳು’ ಎಂಬ ಪಟ್ಟಿಯನ್ನು ಕೊಟ್ಟರು. ಜೊತೆಗೆ, ‘ನಿಮಗೆ ಮಾದರಿಯಾದ ವ್ಯಕ್ತಿ ಯಾರು’ ಎಂಬ ಪ್ರಶ್ನೆ ಬಂದರೆ ಇರಲಿ ಎಂದು, ಒಬ್ಬ ಅಜ್ಜನನ್ನೂ ಕೊಟ್ಟರು. ಈ ಅಜ್ಜ ನಿವೃತ್ತ ಪ್ರೊಫೆಸರು. ‘ಎರುಡೈಟ್’, ‘ಮ್ಯಾಗ್ನಾನಿಮಸ್’, ಬೆಳಿಗ್ಗೆ ಬಾಲ್ಕನಿಯಲ್ಲಿ ತೋಟಗಾರಿಕೆ, ಸಂಜೆ ತತ್ತ್ವಶಾಸ್ತ್ರ. ನಲವತ್ತು ಮಂದಿಗೆ ಒಬ್ಬನೇ ಅಜ್ಜ. ಅರ್ಜಿದಾರಳ ಸ್ವಂತ ಅಜ್ಜ ಕುರಿ ಕಾಯುತ್ತಿದ್ದ; ಅವನಿಗೆ ಒಪ್ಪುವ ಪದ ಪಟ್ಟಿಯಲ್ಲಿ ಇರಲಿಲ್ಲ.

4. ಅರ್ಜಿದಾರಳ ತಾಯಿ ಶರಣಮ್ಮನವರಿಗೆ ಓದುಬರಹ ಇಲ್ಲ. ಸೈಟಿನಲ್ಲಿ ಹೊತ್ತ ಇಟ್ಟಿಗೆಯ ಪ್ರತಿ ಬುಟ್ಟಿಗೂ ಗೋಡೆಯ ಮೇಲೆ ಒಂದು ಇದ್ದಲಿ ಗೀಟು ಹಾಕಿಕೊಳ್ಳುತ್ತಿದ್ದವರು, ಅದೇ ಪದ್ಧತಿಯನ್ನು ಪಟ್ಟಿಗೂ ಜಾರಿಗೆ ತಂದರು. ದಿನಾ ಸಂಜೆ ಮಗಳು ಒಂದೊಂದು ಪದ ಓದಿ ಅದನ್ನು ನಮ್ಮ ಮಾತಿನಲ್ಲಿ ಹೇಳಬೇಕು. ತಾಯಿಗೆ ತಿಳಿದರೆ ಒಂದು ಗೀಟು, ತಿಳಿಯದಿದ್ದರೆ ಇಲ್ಲ. ಮುನ್ನೂರರಲ್ಲಿ ಗೀಟು ಬಿದ್ದದ್ದು ಎಪ್ಪತ್ತೊಂದಕ್ಕೆ. ಉಳಿದವನ್ನು ಬರೇ ಬಾಯಿಪಾಠ ಮಾಡುತ್ತ ಕೂತವಳನ್ನು ನೋಡಿ ತಾಯಿಯವರು ಸಲ್ಲಿಸಿದ ತಕರಾರು ಯಥಾವತ್ತಾಗಿ ಹೀಗಿದೆ: “ನಿನಗ ಹೇಳ್ಲಿಕ್ಕೆ ಬರಂಗಿಲ್ಲ, ನನಗ ತಿಳಿಯಂಗಿಲ್ಲ. ಮತ್ತ ಅಲ್ಲಿ ಯಾರ ಸಲುವಾಗಿ ಮಾತಾಡ್ತೀ?” ಅದಕ್ಕೆ ಅರ್ಜಿದಾರಳು, “ಅವ್ವಾ, ನಿನಗೇನು ತಿಳೀತದ, ಸುಮ್ಮ ರೊಟ್ಟಿ ಬಡಿ” ಎಂದು ಹಿಂಬರಹ ನೀಡಿದಳು. ಹಾಗೆ ಅಂದದ್ದಕ್ಕೆ ಇಂದಿಗೂ ನಾಚಿಕೆಯಿದೆ. ಇದನ್ನು ಕಡತಕ್ಕೆ ಸೇರಿಸತಕ್ಕದ್ದು.

5. ಪರೀಕ್ಷೆಯ ದಿನ ಅದೇ ಪ್ರಶ್ನೆ ಬಂತು. ಅರ್ಜಿದಾರಳು ಅಜ್ಜನನ್ನು ಹೊರಗೆ ತೆಗೆದಳು. ಪರೀಕ್ಷಕಿ ಮೇಡಂ ಪೆನ್ನು ಕೆಳಗಿಟ್ಟು, ತೋಟದಲ್ಲಿ ಏನು ಬೆಳೆಯುತ್ತಾರೆ ಎಂದು ವಿಚಾರಿಸಿದರು. ಸರ್ ಗಿಡ ಹೇಳಿಕೊಟ್ಟಿರಲಿಲ್ಲ. ಬಾಯಿಗೆ ಬಂದದ್ದು ನಮ್ಮ ಯಾದಗಿರಿ ಕಡೆಯ ತೊಗರಿ. ಎಷ್ಟು ಜಾಗದಲ್ಲಿ ಎಂದರು. ಎರಡು ಎಕರೆ ಎಂದಳು. ಬಾಲ್ಕನಿಯಲ್ಲೇ ಎಂದು ಕೇಳಿದ್ದಕ್ಕೆ ಅರ್ಜಿದಾರಳು ಮತ್ತೊಮ್ಮೆ ‘ಮ್ಯಾಗ್ನಾನಿಮಸ್’ ಎಂದಳು. ಆಗ ಮೇಡಂ ಸಾವಕಾಶವಾಗಿ, ನಿಮ್ಮ ಅಜ್ಜನವರು ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ ಬಂದು ಹೋಗುತ್ತಿದ್ದಾರೆ ಎಂದು ತಿಳಿಸಿದರು.

6. ಮನೆಗೆ ಬಂದು ಪಟ್ಟಿ ತೆಗೆದು ನೋಡಲಾಗಿ, ಅಂದು ಆಡಿದ ದೊಡ್ಡ ಪದಗಳಲ್ಲಿ ಒಂದಕ್ಕೂ ಗೀಟು ಇರಲಿಲ್ಲ. ಮನೋಹರ ಸರ್ ಅವರಲ್ಲಿ ವಿಚಾರಿಸಲಾಗಿ, ತಪ್ಪು ಅಜ್ಜನದಲ್ಲ, ತೊಗರಿ ಬಿತ್ತಿದವಳದು ಎಂದು ತೀರ್ಪಿತ್ತು, ಮುಂದಿನ ಬ್ಯಾಚಿಗೆ ಒಬ್ಬ ಅಜ್ಜಿಯನ್ನು ಕೊಡುವುದಾಗಿ ಭರವಸೆ ನೀಡಿರುತ್ತಾರೆ.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ, ಸದರಿ ಅಜ್ಜನನ್ನು ಇದ್ದ ಸ್ಥಿತಿಯಲ್ಲಿ, ತೊಗರಿ ಸಮೇತ, ವಾಪಸು ಪಡೆಯುವುದು. ಬರುವ ಅಜ್ಜಿಯನ್ನು ಬಾಗಿಲಲ್ಲೇ ತಡೆಯುವುದು. ಮುಂದಿನ ತಿಂಗಳು ಅರ್ಜಿದಾರಳು ಮತ್ತೆ ಹಾಜರಾಗುತ್ತಾಳೆ, ಅದು ಕೊನೆಯ ಅವಕಾಶ. ಅದೇ ಪ್ರಶ್ನೆ ಬಂದಲ್ಲಿ, ‘ಮೈ ಮದರ್ ಕ್ಯಾರೀಡ್ ಬ್ರಿಕ್ಸ್ ಆನ್ ಹರ್ ಹೆಡ್. ಐ ಬಿಕೇಮ್ ಎ ನರ್ಸ್’ ಎಂದು ಹೇಳಲಿದ್ದಾಳೆ. ಇದು ಅರ್ಧ ಅಂಕಕ್ಕೆ ಹಗುರ ಎನಿಸಿದಲ್ಲಿ ಧಾರಾಳವಾಗಿ ಕಳೆಯಬಹುದು. ಆದರೆ ಇದರಲ್ಲಿ ತಮಗೆ ತಿಳಿಯದ ಪದ ಯಾವುದು ಎಂಬುದನ್ನು ಲಿಖಿತವಾಗಿ ತಿಳಿಸತಕ್ಕದ್ದು.

ತಮ್ಮ ವಿಶ್ವಾಸಿ, ಪಟ್ಟಿಯ ಅವಿಶ್ವಾಸಿ,
ಶಿವಕಾಂತಾ

ಲಗತ್ತುಗಳು:
1. ಫಲಿತಾಂಶ ಪತ್ರದ ಪ್ರತಿ.
2. ಮುನ್ನೂರು ಪದಗಳ ಪಟ್ಟಿ, ರೊಟ್ಟಿ ಹಿಟ್ಟು ಸಮೇತ.
3. ಅಜ್ಜನ ಭಾವಚಿತ್ರ: ಇಲ್ಲ. ಕ್ಲಾಸಿನಲ್ಲೂ ಇಲ್ಲ.
4. ಮೇಲೆ ಹೇಳಿದ ಎರಡು ವಾಕ್ಯ ಬರೆದ ಚೀಟಿ. ಮಗಳು ಓದಿ, ನಮ್ಮ ಮಾತಿನಲ್ಲಿ ಹೇಳಿದ ಮೇಲೆ, ಶರಣಮ್ಮನವರು ಎರಡಕ್ಕೂ ಗೀಟು ಹಾಕಿರುತ್ತಾರೆ. ಗೀಟು ಇದ್ದಲಿಯದು, ಕೈ ತಾಗಿ ಅಳಿಸದಂತೆ ನೋಡಿಕೊಳ್ಳಬೇಕೆಂದು ವಿನಂತಿ.