ಬಾಯ್ಲರ್ ಸಾಹೇಬರ ದಾಸವಾಳ

"ಇಪ್ಪತ್ತೆರಡು ವರ್ಷ ಬಾಯ್ಲರ್ ಪಳಗಿಸಿದವನಿಗೆ ಒಂದು ದಾಸವಾಳ ಯಾವ ಲೆಕ್ಕ?" ಎಂದು ನಾನು ಎದೆ ತಟ್ಟಿಕೊಂಡದ್ದು ನಿಜ. ಈಗ ನೆನೆಸಿಕೊಂಡರೆ ಅದೇ ಎದೆಗೆ ನಾಲ್ಕು ಗುದ್ದಬೇಕು ಅನಿಸುತ್ತದೆ.

ಕಾಲು ಮುರಿದುಕೊಂಡ ತಂಗಿಯನ್ನು ನೋಡಿಕೊಳ್ಳಲು ನನ್ನವಳು ಹದಿನೈದು ದಿನ ಹೊರಟಿದ್ದಳು. ತಾರಸಿಯ ಬಿಳಿ ದಾಸವಾಳ ಅವಳ ಅಮ್ಮ ಕೈಯಾರೆ ನೆಟ್ಟುಕೊಟ್ಟದ್ದು. ಅಮ್ಮ ಈಗಿಲ್ಲ, ಗಿಡವಿದೆ. ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದಳು:

"ಬೆಳಗ್ಗೆ ಬಿಸಿಲೇರೋಕೆ ಮುಂಚೆ ನೀರು ಹಾಕಿ. ಮಣ್ಣಿಗೆ ಬೆರಳಿಟ್ಟು, ಒಣಗಿದ್ರೆ ಮಾತ್ರ ಹಾಕಿ. ಮಧ್ಯಾಹ್ನ ಅಂತೂ ಬೇಡವೇ ಬೇಡ."

"ಹೋಗೇ, ನನಗೇ ಪಾಠ ಹೇಳ್ತೀಯಾ!"

ಬೆಳಗ್ಗೆ ನನಗೆ ಎಚ್ಚರವಾದರೆ ತಾನೆ? ಬಾಯಾರಿದಾಗಲೇ ನೀರು ಕೊಡುವುದು ಧರ್ಮ ಎಂಬ ಘನ ಸಿದ್ಧಾಂತ ಹೊಸೆದು, ಕಾರ್ಖಾನೆಯಿಂದ ಊಟಕ್ಕೆ ಬಂದಾಗ, ಮಟಮಟ ಮಧ್ಯಾಹ್ನ ಒಂದು ಗಂಟೆಗೆ ಕೆಲಸ ಶುರುಮಾಡಿದೆ. ಬಿಸಿಲಲ್ಲಿ ಸುರುಳಿ ಸುತ್ತಿ ಬಿದ್ದಿದ್ದ ಕರಿ ಪೈಪಿನ ಬಾಯನ್ನು ಕುಂಡಕ್ಕೆ ಸಿಕ್ಕಿಸುವುದು, ನೆರಳಿಗೆ ಓಡಿಬಂದು ನಲ್ಲಿ ತಿರುಗಿಸುವುದು. ಮೂರನೇ ದಿನ ಎಲೆ ಬಾಡಿತು. "ಪಾಪ, ದಾಹ!" ಎಂದು ಇನ್ನಷ್ಟು ಬಿಟ್ಟೆ. ಐದನೇ ದಿನ ಕಂದಿತು. ಮತ್ತಷ್ಟು ಬಿಟ್ಟೆ. ಏಳನೇ ದಿನ ಅನುಮಾನ ಬಂದು ಪೈಪಿನಿಂದ ಬೀಳುವ ನೀರಿಗೆ ಬೆರಳಿಟ್ಟೆ. ಅಯ್ಯಯ್ಯೋ, ಬೊಬ್ಬೆ ಬಂತು! ಕಾರ್ಖಾನೆಯಲ್ಲಿ ಗಂಟೆಗೊಮ್ಮೆ ಉಷ್ಣತೆ ಅಳೆಯುವ ಮಹಾಶಯ, ಅತ್ತೆ ಕೊಟ್ಟ ಗಿಡವನ್ನು ವಾರವಿಡೀ ಬೇಯಿಸಿದ್ದೆ!

ಅಷ್ಟರಲ್ಲಿ ಫೋನು. "ಅಮ್ಮನ ಗಿಡ ಹೇಗಿದೆ?"

"ನಳನಳಿಸ್ತಾ ಇದೆ!" ಅಂದುಬಿಟ್ಟಿತು ನನ್ನ ಹಾಳು ನಾಲಿಗೆ.

ಆ ಸಂಜೆಯೇ ನರ್ಸರಿಗೆ ಓಡಿದೆ. ಅದೇ ಎತ್ತರದ, ಅದೇ ಬಿಳಿ ಹೂವಿನ ಗಿಡ ತಂದು, ಬೆಂದು ಸತ್ತ ಹಳೆಯದನ್ನು ಕಿತ್ತು, ಅದೇ ಕುಂಡದಲ್ಲಿ ಕೂರಿಸಿದೆ. ಅದಕ್ಕೆ ಮಾತ್ರ ಅಲಾರಾಂ ಇಟ್ಟು, ಬೆಳಗಾಗೆದ್ದು, ಚೊಂಬಿನಲ್ಲಿ ತಣ್ಣೀರು ಹಾಕಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅದು ನನ್ನ ವಿಷಯವೇ.

ನನ್ನವಳು ಬಂದವಳೇ ತಾರಸಿ ಹತ್ತಿದಳು. ಕುಂಡಕ್ಕೊಂದು ಸುತ್ತು ಬಂದಳು.

"ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಿ! ಅಮ್ಮ ಇದ್ದಿದ್ರೆ ಹಿಗ್ಗಿಹೋಗೋಳು."

ನಾನು ಕುಗ್ಗಿಹೋದೆ. ಇಷ್ಟು ವರ್ಷದಲ್ಲಿ ಅವಳು ಹೊಗಳಿದ್ದೇ ಅಪರೂಪ, ಅದೂ ಕದ್ದ ಹೊಗಳಿಕೆ!

"ತಂಗಿಗೂ ಒಂದು ಕೊಂಬೆ ಕೊಡೋಣ. ಅವಳಿಗೂ ಅಮ್ಮನ ನೆನಪು ಬೇಡ್ವಾ?" ಎಂದು ಕತ್ತರಿ ಎತ್ತಿದಳು.

"ನಿಲ್ಲೇ! ಅದು ಅಮ್ಮಂದಲ್ಲ!" ಎಂದು ಕೂಗಿ, ಪೈಪು, ಬೊಬ್ಬೆ, ನರ್ಸರಿ ಎಲ್ಲವನ್ನೂ ಕಕ್ಕಿದೆ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಗೊತ್ತು," ಅಂದಳು.

"ಹೇ... ಹೇಗೆ?"

"ಒಂದೆಲೆಯೂ ಹಳದಿಯಾಗಿಲ್ಲ. ಹದಿನೈದು ದಿನ ನಿಮ್ಮ ಕೈಲಿದ್ದ ಗಿಡ ಹೀಗಿರತ್ತಾ?"

ಕೆಳಗೆ ಹೋಗಿ ಚೀಲದಿಂದ ಪುಟ್ಟ ಕುಂಡವೊಂದನ್ನು ತಂದಳು. ಒಂದು ಗೇಣಿನ ಕಡ್ಡಿ, ಎರಡು ಹಸಿರು ಚಿಗುರು.

"ಇದು ಅಮ್ಮಂದು. ನೀವು ಎದೆ ತಟ್ಟಿಕೊಂಡ್ರಲ್ಲ, ಆಗಲೇ ಭಯವಾಗಿ ನಾಲ್ಕು ಕಡ್ಡಿ ಕತ್ತರಿಸಿಕೊಂಡು ಹೋದೆ. ಮೂರು ತಂಗಿ ಮನೇಲಿವೆ."

ನನಗೆ ಕಣ್ಣು ತುಂಬಿ ಬಂತು. ಕುಂಡಕ್ಕೆ ಕೈ ಚಾಚಿದೆ. ಅವಳು ಸರಕ್ಕನೆ ಹಿಂದಕ್ಕೆಳೆದುಕೊಂಡಳು.

"ನಿಮ್ಮ ಬಾಯ್ಲರ್ ಹತ್ರ 'ಮುಟ್ಟಬೇಡಿ' ಅಂತ ಕೆಂಪು ಬೋರ್ಡು ಇದೆಯಲ್ಲ, ಯಾರು ಬರೆದದ್ದು?"

"ನಾನೇ."

"ಇನ್ನೊಂದು ಬರೆದು ತನ್ನಿ."

ಮರುದಿನವೇ ದಪ್ಪ ಅಕ್ಷರದಲ್ಲಿ ಬರೆದು ತಂದೆ. ಅವಳು ಅದನ್ನು ಕುಂಡಕ್ಕೆ ಕಟ್ಟಲಿಲ್ಲ, ತಾರಸಿಯ ನಲ್ಲಿಗೆ ಕಟ್ಟಿದಳು.