ಅಳತೆಗೆ ಸರಿಯಾದ ಸ್ಕ್ರೀನು

ಸರ್ವಿಸ್ ಸೆಂಟರಿನವರು ಕಳಿಸಿದ ಪೆಟ್ಟಿಗೆ ಬಿಚ್ಚಿದ್ದೇ ಟೈಲರ್ ಮಾವನ ಕೈ ತಾನಾಗಿ ಕೊರಳಿನ ಟೇಪಿಗೆ ಹೋಯಿತು. ಕೆಟ್ಟುಹೋದ ಕಂಪ್ಯೂಟರ್ ಸ್ಕ್ರೀನಿಗೆ ಬದಲಾಗಿ ವಾರಂಟಿಯಲ್ಲಿ ಬಂದದ್ದು ಅದರ ಅರ್ಧವೂ ಇರಲಿಲ್ಲ. ಉದ್ದ ಅಳೆದರು, ಅಗಲ ಅಳೆದರು, ಮೂಲೆಯಿಂದ ಮೂಲೆಗೂ ಅಳೆದರು. ಎಲ್ಲಿ ಹಿಡಿದರೂ ಬೆಳೆಯಲಿಲ್ಲ.

"ಕೋಟಿಗೆ ಬಟ್ಟೆ ಕೊಟ್ಟರೆ ಕರವಸ್ತ್ರ ಹೊಲಿದು ಕಳಿಸಿದ್ದಾರೆ ಕಣೇ," ಎಂದರು ಹೆಂಡತಿಗೆ.

ಅವಳ ಕಣ್ಣು ಮಂಜಾಗುತ್ತ ಬಂದಿತ್ತು. ಆಪರೇಷನ್ ಆದರೂ ಡಾಕ್ಟರು ಏನೂ ಭರವಸೆ ಕೊಟ್ಟಿರಲಿಲ್ಲ. ಮಂಡಿನೋವಿನಿಂದ ಊರು ಬಿಟ್ಟು ಬರಲಾಗದ ಅವಳ ತಂಗಿ ದಿನಾ ಸಂಜೆ ಕಂಪ್ಯೂಟರಿನಲ್ಲಿ ಬಂದು, ತಾನು ಹೆಣೆದದ್ದನ್ನೆಲ್ಲ ಎತ್ತಿ ತೋರಿಸುತ್ತಿದ್ದಳು. ಅದಕ್ಕೆಂದೇ ಮಾವ ತಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗೋಡೆಯಷ್ಟಗಲದ ಸ್ಕ್ರೀನು ತಂದಿಟ್ಟಿದ್ದರು. "ಈಗ ಎಲ್ಲಾ ಕಾಣ್ತಿದೆ ರೀ," ಎಂದು ಅವಳು ಹೇಳಿದ ದಿನ ಅವರು ಖುಷಿಯಲ್ಲಿ ಯಾರದೋ ಪ್ಯಾಂಟಿಗೆ ಒಂದು ಜೇಬು ಹೆಚ್ಚೇ ಇಟ್ಟಿದ್ದರು.

ಸಣ್ಣದನ್ನು ಜೋಡಿಸಿ ತಂಗಿಯನ್ನು ಕರೆದದ್ದಾಯಿತು. ಹೆಂಡತಿ ತುಸು ಹೊತ್ತು ನೋಡಿ, "ಇದರಲ್ಲಿ ಕಾಣಲ್ಲ. ಬಿಡಿ, ದನಿ ಕೇಳುತ್ತಲ್ಲ, ಸಾಕು," ಎಂದಳು.

"ಸಾಕಂತೆ! ವಾಪಸ್ ತಗೊಂಡು ಹೋಗ್ತೀನಿ," ಎಂದರು ಮಾವ.

ಮಹಡಿ ಮನೆಯವರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಯಾರೂ ಕೇಳದಿದ್ದರೂ ಎಲ್ಲರ ಪರವಾಗಿ ವಾದಿಸುವ ಅವರಿಗೆ ಬೀದಿಯವರು 'ಲಾಯರ್' ಎಂದೇ ಹೆಸರಿಟ್ಟಿದ್ದರು. "ನೀವು ಬಾಯಿ ತೆರೀಬೇಡಿ, ನಾನಿದ್ದೀನಿ," ಎಂದು ಅವರೂ ಹೊರಟರು.

ಸರ್ವಿಸ್ ಸೆಂಟರಿನಲ್ಲಿ ಕೌಂಟರಿನ ಹುಡುಗಿ ನಯವಾಗಿಯೇ ಹೇಳಿದಳು. "ಅಂಕಲ್, ಆ ಮಾಡೆಲ್ ಈಗ ಬರ್ತಿಲ್ಲ. ಇದೂ ಸ್ಕ್ರೀನೇ ಅಲ್ವಾ?"

"ಆನೆ ಕೊಂಡವರಿಗೆ ಇಲಿ ಕೊಟ್ಟು, ಇದಕ್ಕೂ ನಾಲ್ಕು ಕಾಲಿದೆ ಅಂದ ಹಾಗಾಯ್ತು!" ಎಂದು ಲಾಯರ್ ಕೌಂಟರನ್ನು ಗುದ್ದಿದರು. ಗುದ್ದಿಗೆ ಅಂಚಿನಲ್ಲಿದ್ದ ಸ್ಕ್ರೀನು ಜಾರಿ ನೆಲಕ್ಕೆ ಬಿದ್ದು ಛಿದ್ರವಾಯಿತು.

ಹುಡುಗಿ ಬಗ್ಗಿ ನೋಡಿದಳು. "ಒಡೆದದ್ದಕ್ಕೆ ವಾರಂಟಿ ಇರಲ್ಲ, ಅಂಕಲ್."

ಲಾಯರಿಗೆ ಥಟ್ಟನೆ ಬಾಯಾರಿಕೆಯಾಯಿತು; ನೀರು ಹುಡುಕುತ್ತ ಹೋದರು. ಮಾವ ಬೆಂಚಿನ ಮೇಲೆ ಕುಸಿದರು. ಇನ್ನು ಆ ಕರವಸ್ತ್ರವೂ ಇಲ್ಲ.

ಸದ್ದಿಗೆ ಓಡಿಬಂದ ಮ್ಯಾನೇಜರ್ ಬೈಯಲು ಬಾಯಿ ತೆರೆದ. ಮಾವನಿಗೆ ಕಂಡದ್ದು ಅವನ ಕೋಟಿನಲ್ಲಿ ಒಂದೇ ಎಳೆಗೆ ನೇತಾಡುತ್ತಿದ್ದ ಗುಂಡಿ. "ಬಿಚ್ಚಿ ಕೊಡಪ್ಪ, ಬಿದ್ದುಹೋಗುತ್ತೆ," ಎಂದು ಕಾಲರಿನ ಹಿಂದೆ ಚುಚ್ಚಿಟ್ಟ ಸೂಜಿ ತೆಗೆದರು. ಹೊಲಿಯುತ್ತ, ಅವನು ಕೇಳಿದ್ದಕ್ಕೆ, ಹೆಂಡತಿಯ ಕಣ್ಣಿನ ವಿಷಯ ಹೇಳಿದರು.

ಅವನು ಕೋಟು ತೊಟ್ಟು, ಗುಂಡಿ ಹಾಕಿಕೊಂಡ. ಆಮೇಲೆ ಒಳಗೆ ಹೋಗಿ, ತನ್ನ ಮೇಜಿನ ಮೇಲಿದ್ದ ದೊಡ್ಡ ಸ್ಕ್ರೀನನ್ನೇ ಎತ್ತಿ ತಂದ. "ಅಮ್ಮನಿಗೆ ಕಾಣಲಿ. ಆಫೀಸಿಗೆ ನಾನು ಹೇಳ್ಕೋತೀನಿ."

"ನಡೀರಿ, ಅವನ ಮನಸ್ಸು ಬದಲಾಗೋ ಮೊದಲು," ಎಂದು ಲಾಯರ್ ರಟ್ಟೆ ಹಿಡಿದು ಎಳೆದುಕೊಂಡೇ ಬಂದರು.

ಮನೆಯಲ್ಲಿ ಸ್ಕ್ರೀನು ಮೇಜೇರಿತು. ಮಾವ ಕಂಪ್ಯೂಟರ್ ಹಾಕಿ, ಹಿಂದೆ ಬಗ್ಗಿ ತಡಕಿದರು. ಚಿತ್ರ ಬರುವ ವೈರೇ ಇಲ್ಲ. ಸಣ್ಣ ಸ್ಕ್ರೀನಿನ ಜೊತೆ ಒಯ್ದಿದ್ದ ಅದು ಅವಸರದಲ್ಲಿ ಕೌಂಟರಿನ ಮೇಲೇ ಉಳಿದಿತ್ತು. ಅಷ್ಟರಲ್ಲಿ, ಯಾರೂ ಒತ್ತದೆ ತಾನೇ ತೆರೆದುಕೊಳ್ಳುವಂತೆ ಇಟ್ಟಿದ್ದ ಸಂಜೆಯ ಕರೆ ತೆರೆದು, ಸ್ಪೀಕರಿನಲ್ಲಿ ತಂಗಿಯ ದನಿ ಬಂತು.

"ಅಕ್ಕಾ, ದೊಡ್ಡದು ಬಂತಾ? ಕಾಣ್ತೀನಾ?"

ಹೆಂಡತಿ ಕಪ್ಪಗಿದ್ದ ಸ್ಕ್ರೀನಿನತ್ತ ಮುಖವೆತ್ತಿ ನಕ್ಕಳು. "ಎಷ್ಟು ಚೆನ್ನಾಗಿ ಕಾಣ್ತೀಯೇ! ಸ್ವಲ್ಪ ಇಳಿದುಹೋಗಿದ್ದೀಯ. ಸ್ವೆಟರ್ ತೋಳು ಮುಗೀತಲ್ಲ, ಭೇಷ್. ನಿಮ್ಮ ಭಾವ ಪಾಪ, ಇದಕ್ಕಾಗಿ ಬೆಳಗಿಂದ ಅಲೆದಿದ್ದಾರೆ."

ಲಾಯರ್ ಏನೋ ಹೇಳಲು ಹೋದವರು ಮಾವನ ಮುಖ ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮೆಟ್ಟಿಲು ಹತ್ತಿದರು.

"ರೀ, ಎಲ್ಲಿ ಹೋದ್ರಿ? ಬನ್ನಿ, ನೀವೂ ನೋಡಿ," ಎಂದಳು ಹೆಂಡತಿ.

ಮಾವ ಬಂದು ಪಕ್ಕದಲ್ಲಿ ಕೂತರು. ಕಪ್ಪು ಗಾಜಿನಲ್ಲಿ ಅವಳ ನಗುಮುಖ ಮಸುಕಾಗಿ ಕಾಣುತ್ತಿತ್ತು.

"ಕಾಣ್ತಿದೆ ತಾನೇ?"

"ಕಾಣ್ತಿದೆ ಕಣೇ," ಎಂದರು ಮಾವ.