ನಾಳೆಯ ನಮಾಜಿಗೆ ಇವತ್ತೇ ಟಿಕ್

ಮಕ್ಕಳಿಗೆ ನೀತಿ ಕಲಿಸುವುದು ಮನೆಯವರ ಕೆಲಸವೋ ಸ್ಕೂಲಿನವರದೋ ಎಂದು ಕೇಳಿದ್ದರೆ, ಯೂನಿಫಾರ್ಮು ಹೊಲಿಸಿಕೊಟ್ಟ ಮೇಲೆ ಮಿಕ್ಕಿದ್ದೆಲ್ಲ ಸ್ಕೂಲಿನವರದೇ ಎನ್ನುತ್ತಿದ್ದೆ. ಶ್ರೀರಂಗಪಟ್ಟಣದ ನಮ್ಮ ಇಸ್ಲಾಮಿ ಶಾಲೆಯವರು ಹಾಗೆ ಬಿಡುವವರಲ್ಲ. ತಂದೆತಾಯಿಯರೂ ಕೈಜೋಡಿಸಲಿ ಎಂದು, ಮೂರನೇ ಕ್ಲಾಸಿನ ನನ್ನ ಮಗಳು ಸುಮಯ್ಯಾಳ ಕೈಲಿ ಒಂದು ಅಖ್ಲಾಕ್ ಡೈರಿ, ಅಂದರೆ ನಡತೆಯ ಪುಸ್ತಕ, ಕಳಿಸಿದರು. ಮಗು ಬೆಳಗಿನ ನಮಾಜು ಮಾಡಿತೇ, ನಿಜ ಹೇಳಿತೇ, ದೊಡ್ಡವರಿಗೆ ಸಲಾಂ ಹೇಳಿತೇ ಎಂದು ನಾನು ದಿನಾ ಟಿಕ್ ಹಾಕಿ ಸಹಿ ಮಾಡಬೇಕು. ಹಾರ್ಡ್‌ವೇರ್ ಅಂಗಡಿಯವನಿಗೆ ದಿನಾ ಪುರುಸೊತ್ತೆಲ್ಲಿ? ಭಾನುವಾರ ಕೂತು ಒಂದೇ ಉಸಿರಿಗೆ ವಾರದ್ದೆಲ್ಲ ತುಂಬುತ್ತಿದ್ದೆ. ಹುರುಪಿದ್ದರೆ ಮುಂದಿನ ವಾರದ್ದೂ.

ಮೊನ್ನೆ ಬುಧವಾರ ಸುಮಯ್ಯಾ ಅಳುತ್ತ ಬಂದಳು. ಮಾರನೆಯ ದಿನ ಸ್ಕೂಲಿನ ಪ್ರಾರ್ಥನೆಯಲ್ಲಿ ಮೈಕಿನ ಮುಂದೆ ದುವಾ ಹೇಳುವ ಸರದಿ ಅವಳದು. ಹದಿನೈದು ದಿನದಿಂದ ಉರು ಹೊಡೆದಿದ್ದಳು. ಡೈರಿಯಲ್ಲಿ ಅಪ್ಪನ ಬರಹದ ಮೇಲೆ ಗೀಚಿದಳೆಂದು ಆ ಸರದಿಯನ್ನೇ ಕಿತ್ತುಕೊಂಡಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿ ಬಾಗಿಲು ಎಳೆದು, ಮಗಳನ್ನೂ ಕರೆದುಕೊಂಡು ಸ್ಕೂಲಿಗೆ ನುಗ್ಗಿದೆ.

ಕ್ಲಾಸ್ ಟೀಚರು ಕಿರಂಗೂರಿನ ಜಯಮ್ಮ ಮಿಸ್ಸು. "ನನ್ನ ಮಗಳೇನು ಸುಳ್ಳುಬುರುಕಿಯೇನ್ರೀ?" ಎಂದು ಎಗರಾಡಿದೆ.

"ಮಂಗಳವಾರ ನಮಾಜು ಮಾಡವ್ಳೆ ಅಂತ ನೀವು ಟಿಕ್ ಹಾಕಿದ್ರಿ. ಇವಳು ಅದ್ನ ಹೊಡೆದಾಕಿ ಇಂಟು ಹಾಕವ್ಳೆ. ಅಪ್ಪ ಯಾಕೆ ಸುಳ್ಳು ಬರೀತಾರೆ ಅಂತ ನಾನು ನಿಮ್ಮನ್ನೇ ನಂಬ್ದೆ ಕಣ್ರೀ."

"ಮಂಗಳವಾರ ನಾವ್ಯಾರೂ ಎದ್ದೇ ಇಲ್ಲ, ಅಬ್ಬಾ," ಎಂದಳು ಸುಮಯ್ಯಾ.

ಆಗ ಮಿಸ್ಸಿನ ಕಣ್ಣು ಡೈರಿಯ ಕೆಳಗಿನ ಸಾಲುಗಳಿಗೆ ಇಳಿಯಿತು. "ಇದೇನ್ ಸಾಹೇಬ್ರೆ, ನಾಳೆ ಬೆಳಗ್ಗಿನ ನಮಾಜು ಇವತ್ತೇ ಆಗೋಗದೆ. ಶನಿವಾರದ ನಿಜಾನೂ ಹೇಳ್ಬುಟ್ಟವ್ಳೆ."

ಮಗುವನ್ನು ಒಂದು ಮಾತೂ ಕೇಳದೆ ದೊಡ್ಡವನ ಸಹಿ ನಂಬಿದರಲ್ಲ ಎಂದು ಆ ಮಿಸ್ಸಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಸಹಿ ನನ್ನದು. ನನ್ನ ಮೇಲಿನ ಸಿಟ್ಟು ಅದರ ಎರಡರಷ್ಟು. ಹೆಂಡತಿ ಬರೆದಿರಬೇಕು ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಮಗಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ನಾನೇ ಬರೆದಿದ್ದು. ಮಗು ಹಾಕಿದ್ದೇ ಸರಿ," ಎಂದೆ.

"ನಂದೂ ತಪ್ಪಾಯ್ತು ಕಂದ. ನಾಳೆ ದುವಾ ನೀನೇ ಹೇಳು," ಎಂದರು ಮಿಸ್ಸು.

ಸಂಜೆ ಡೈರಿ ನನ್ನ ಮುಂದೆ ಬಂತು. ಅಚ್ಚಾದ ಸಾಲುಗಳ ಕೆಳಗೆ ಸುಮಯ್ಯಾ ಸ್ಕೇಲಿಟ್ಟು ಇನ್ನೊಂದು ಸಾಲು ಎಳೆದಿದ್ದಳು: 'ಅಬ್ಬ ನಿಜ ಹೇಳಿದರೇ?' ಅದಕ್ಕೆ ಟಿಕ್ಕೂ ಹಾಕಿದ್ದಳು. ಪಕ್ಕದಲ್ಲಿ ಸಣ್ಣಗೆ, 'ಮಿಸ್ಸು ಹಿಡಿದ ಮೇಲೆ' ಎಂದಿತ್ತು. ಸಹಿಯ ಜಾಗಕ್ಕೆ ಬೆರಳಿಟ್ಟು ಪೆನ್ನು ಕೊಟ್ಟಳು.

"ಇವತ್ತಿಂದು ಮಾತ್ರ ಹಾಕಿ, ಅಬ್ಬಾ."